ಶೆಟ್ಟೆಪ್ಪನ ಭರಣಿ

ಅಣ್ಣು ಆ ಮಾತನ್ನು ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಓಡುತ್ತಲೇ ಹೇಳಿದ. ನಿಂತು ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಶೆಟ್ಟೆಪ್ಪಣ್ಣ, ಮಧ್ಯಾಹ್ನ ವಾರ್ಡ್ ಆಫೀಸಿನ ಸಾಹೇಬ್ರು ನಿಮ್ಮಲ್ಲಿಗೇ ಬರ್ತಾರೆ ಮಾರಾಯ್ರೆ. ಭರಣಿ ತೆಗೆಸ್ಕೊಂಡೇ ಹೋಗುವುದಂತೆ."

ಉಡುಪಿ ಕಡೆಯ ಅಣ್ಣು ಆ ಆಫೀಸಿನ ಕ್ಯಾಂಟೀನಿನಲ್ಲಿ ಚಹಾ ಕೊಡುವವ. ಸುದ್ದಿ ಸುಳ್ಳಾಗುವಂತಿರಲಿಲ್ಲ. ಧಾರಾವಿಯ ಆ ಅಂಚಿನಲ್ಲಿ ಭರಣಿ ಎಂದರೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಜೌಗಿಗೆ ಲಾರಿಗಟ್ಟಲೆ ಕಲ್ಲುಮಣ್ಣು ಸುರಿದು ನೆಲ ಮಾಡಿಕೊಳ್ಳುವುದು. ಎಪ್ಪತ್ತೊಂದರ ಬೇಸಿಗೆಯಲ್ಲಿ ಅವನೂ ಉಪ್ಪುನೀರಲ್ಲೇ ಬೆಳೆಯುವ ತಿವರದ ಗಿಡಗಳನ್ನು ಕಡಿದು, ಆ ಜಾಗಕ್ಕೆ ಒಡೆದ ಚಾಳುಗಳ ಮಣ್ಣು ತುಂಬಿಸಿ, ತಗಡಿನ ಮನೆ ಎಬ್ಬಿಸಿದ್ದ. ಮುಂಬೈಯಲ್ಲಿ ತನ್ನದೆಂದು ಅವನಿಗಿದ್ದದ್ದು ಅದೊಂದೇ.

"ಮಣ್ಣ ತೆಗದ್ರ ಮನಿ ನಿಂದ್ರತದೇನು?" ಎಂದಳು ಹೆಂಡತಿ ಹಾಲವ್ವ.

ಪಕ್ಕದ ಮನೆಯ ಗದಿಗೆಪ್ಪ ಕರೆಯದೇ ಬಂದ. "ಅಂಗಳದ ಭರಣಿ ಅಷ್ಟ ಅಗದ ಒಗಿ. ಖಾಡಿ ಮೊದಲಿದ್ದಂಗ ಕಾಣಬೇಕು. ಭರಣಿನ ಇಲ್ಲಂದ್ರ ಸಾಹೇಬ ಏನ ತೆಗಸ್ತಾನ?"

ಹಿಂದಿನ ಗುಡಿಸಲಿನ ಶರಣವ್ವ ಸ್ವಂತ ಸಲಿಕೆಯನ್ನೇ ತಂದಳು. "ನೀ ಭರಣಿ ಹಾಕಿದಾಗಿಂದ ಹುಣ್ಣಿಮಿಗೊಮ್ಮೆ ಭರತಿ ನೀರು ನನ್ನ ಒಲಿ ಆರಸ್ತದ. ಹಿಂದಕ ಆ ನೀರು ತಿವರದಾಗ ಹರಡಿ ಸುಮ್ಮನ ಇರ್ತಿತ್ತು" ಎಂದು ಬೈಯುತ್ತಲೇ ಅಗೆದಳು.

ದೂರದಲ್ಲಿ ಹಾರ್ನ್ ಕೇಳಿದಾಗಲೆಲ್ಲ ಶೆಟ್ಟೆಪ್ಪ ಅಗೆಯುವುದು ಬಿಟ್ಟು ರಸ್ತೆಯತ್ತ ಓಡಿ ನೋಡಿ ಬರುತ್ತಿದ್ದ. ಕೊನೆಗೆ ಕರಿ ಕೆಸರು ಕಂಡಿತು. ಗದಿಗೆಪ್ಪನಿಗೆ ಅಷ್ಟು ಸಾಲದು. "ಗಿಡ ಎಲ್ಲಿ?" ಎಂದ. ಒಲೆಗೆಂದು ಒಟ್ಟಿದ್ದ ತಿವರದ ಟೊಂಗೆಗಳನ್ನು ತಂದು ಕೆಸರಿಗೆ ಚುಚ್ಚಿದರು. ಶಾಲೆಯ ಹೊರಗೆ ನಿಲ್ಲಿಸಿದ ಹುಡುಗರ ಹಾಗೆ ಅವು ತಲೆ ತಗ್ಗಿಸಿ ನಿಂತವು.

ಅಂದು ಹುಣ್ಣಿಮೆ ಎಂಬುದು ಯಾರಿಗೂ ನೆನಪಿರಲಿಲ್ಲ. ಖಾಡಿಗೆ ನೆನಪಿತ್ತು. ನೀರು ತನ್ನ ಹಳೆಯ ದಾರಿ ಹಿಡಿದು ಅಂಗಳಕ್ಕೆ ಬಂತು, ಹೊಸ್ತಿಲು ದಾಟಿತು. "ನನ್ನ ಒಲಿ ಒಣಗೇ ಐತಿ" ಎಂದು ಶರಣವ್ವ ಹಿಂದಿನಿಂದ ಕೂಗಿ ಹೇಳಿದಳು. ಗದಿಗೆಪ್ಪ ಅಲ್ಲಿರಲಿಲ್ಲ.

ಅಷ್ಟರಲ್ಲಿ ಪ್ಯಾಂಟು ಎತ್ತಿಕೊಂಡು ಸಾಹೇಬರು ಬಂದೇಬಿಟ್ಟರು, ಜೊತೆಗೆ ಅಣ್ಣು. ಶೆಟ್ಟೆಪ್ಪ ಮೊಣಕಾಲುದ್ದ ನೀರಲ್ಲಿ ನಿಂತು ಕೈ ಮುಗಿದ. "ಭರಣಿ ಇಲ್ಲರೀ ಸಾಹೇಬ್ರ. ಎಂದೂ ಇದ್ದಿಲ್ಲರಿ."

ಅಣ್ಣುವಿನ ಮುಖ ಸಪ್ಪಗಾಯಿತು. "ಇಲ್ಲವಾ? ಮತ್ತೆ ಹಾಲವ್ವಕ್ಕ ಉಪ್ಪಿನಕಾಯಿ ಯಾವುದ್ರಲ್ಲಿ ಹಾಕಿದ್ದು? ನನ್ನ ಡಬ್ಬಿಯದ್ದು ರುಚಿ ನೋಡಿ, ಒಂದು ಭರಣಿ ಬೇಕೇ ಬೇಕು ಅಂತ ಬಂದಿದ್ದಾರೆ."

"ಅದಕ್ಕ ನಾವು ಗಡಿಗಿ ಅಂತೀವಿ" ಎಂದಳು ಹಾಲವ್ವ. ಅಟ್ಟದ ಮೇಲಿದ್ದದ್ದನ್ನು ಇಳಿಸಿ ಕೊಟ್ಟಳು.

ಸಾಹೇಬರು ಗಡಿಗೆಯನ್ನು ಎದೆಗವಚಿಕೊಂಡು ಸುತ್ತ ನೋಡಿದರು, ಮರಾಠಿಯಲ್ಲಿ ಏನೋ ಹೇಳಿ ಹೊರಟರು.

"ಏನಂದ್ರು?" ಶೆಟ್ಟೆಪ್ಪ ಅಣ್ಣುವಿನ ತೋಳು ಹಿಡಿದು ಕೇಳಿದ.

ಅಣ್ಣು ನೀರನ್ನೇ ನೋಡುತ್ತ ಹೇಳಿದ. "ಗಟ್ಟಿ ನೆಲದ ಮನೆಯಾದ್ರೆ ಕಂಡೂ ಕಾಣದ ಹಾಗೆ ಇರಬಹುದಿತ್ತಂತೆ. ಇದು ಖಾಡಿಯಲ್ಲೇ ಉಂಟಲ್ಲ, ತಿವರ ಬೇರೆ ಉಂಟು. ನಾಳೆ ಕೆಡವ್ಲಿಕ್ಕೆ ಜನ ಬರ್ತಾರಂತೆ." ಮತ್ತೆ ಸೇರಿಸಿದ, "ಖಾಲಿ ಭರಣಿ ವಾಪಸ್ ಕಳಿಸ್ತಾರಂತೆ. ಯಾವ ಅಡ್ರೆಸ್ಸಿಗೆ ಅಂತ ಕೇಳಿದ್ರು."