ಗಜೇಂದ್ರಗಡದ ಏರಿನಲ್ಲಿ ಸೊನ್ನೆ ತೋರಿಸಿದ ಸೆನ್ಸರ್ ಸಾಹೇಬರಿಗೆ

ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡವನ್ನು ಅಳೆದು ಕಾರಿನ ಕಂಪ್ಯೂಟರಿಗೆ ವರದಿ ಒಪ್ಪಿಸುವ ಮಾನ್ಯರೇ,

ರೋಣದ ಬಾಡಿಗೆ ಕಾರಿನ ಚಾಲಕ ಇಮ್ರಾನನ ಸಲಾಮುಗಳು. ಹೆಬ್ಬೆರಳಿಗಿಂತ ತುಸು ದಪ್ಪಗಿರುವ ತಾವು ಇಡೀ ಕಾರನ್ನು ನಿಲ್ಲಿಸಬಲ್ಲಿರಿ ಎಂಬುದು ಗೊತ್ತಿದ್ದರೆ ಈ ಸಲಾಮನ್ನು ಮೊದಲೇ ಹೊಡೆಯುತ್ತಿದ್ದೆ.

ನನ್ನ ತಂಗಿ ಹುಸ್ನಾಳಿಗೆ ಚೊಚ್ಚಲ ಹೆರಿಗೆ. ಅದು ತವರಿನಲ್ಲೇ ಆಗಬೇಕೆಂದು ತಾಯಿ ರಾಜಮಾ ಒಂದು ಕೋಣೆಗೆ ಸುಣ್ಣ ಬಳಿಸಿ ಕಾಯುತ್ತಿದ್ದಾರೆ. ಈ ವಾರ ದಾಟಿದರೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳನ್ನು ಗಜೇಂದ್ರಗಡದ ಗಂಡನ ಮನೆಯಿಂದ ಕರೆತರಲು ಹೊರಟೆ. ಗಜೇಂದ್ರಗಡದ ಏರಿನಲ್ಲಿ ತಾವು ಹಳದಿ ದೀಪ ಹೊತ್ತಿಸಿದಿರಿ, ಗಾಡಿ ಜಗ್ಗುವುದನ್ನು ಬಿಟ್ಟಿತು, ಕಡಲೆ ಚೀಲ ಹೇರಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನನ್ನನ್ನು ಹಿಂದಿಕ್ಕಿತು. ಇಷ್ಟನ್ನೂ ಏರಿನ ತುದಿಯಲ್ಲಿರುವ ತನ್ನ ಮನೆಯ ಕಟ್ಟೆಯ ಮೇಲಿಂದ ನೋಡಿದ ತಂಗಿಯ ಗಂಡ ಖಾದರ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, “ಅಲ್ಲೋ, ಅಕಿ ಕುಂತು ನೀ ನೂಕಾಂವೇನ, ಇಲ್ಲಾ ನೀ ಕುಂತು ಅಕಿ ನೂಕಬೇಕ? ಗಾಡಿ ರಿಪೇರಿ ಮಾಡ್ಸಿ ಬಾ, ಇಲ್ಲಾಂದ್ರ ಹೆರಿಗಿ ಇಲ್ಲೇ ಆಗ್ಲಿ” ಎಂದ. ತಮ್ಮ ಕೃಪೆಯಿಂದ ಬರಿಗೈಲಿ ತಿರುಗಿ ಬಂದೆ.

ರೋಣದ ಗ್ಯಾರೇಜಿನ ಸಿದ್ದರಾಮೇಶ ತನ್ನ ಸ್ಕ್ಯಾನರ್ ಚುಚ್ಚಿ, ತಮ್ಮಿಂದ ಬರುವ ವೋಲ್ಟೇಜು ಕಡಿಮೆ ಎಂಬುದನ್ನು ಓದಿ, “ಸೆನ್ಸರ್ ಸತ್ತೈತಿ, ಮಾತ ಮುಗೀತು” ಎಂದು ತಮ್ಮನ್ನು ಕಿತ್ತು ಹೊಸಬರನ್ನು ಕೂರಿಸಿದ. ಆ ಹೊಸಬರು ಮುಶಿಗೇರಿ ದಾರಿಯ ಸಣ್ಣ ದಿನ್ನೆಯಲ್ಲೇ ತಮ್ಮ ಸಂಪ್ರದಾಯವನ್ನು ಚಾಚೂ ತಪ್ಪದೆ ಪಾಲಿಸಿದರು. ತಿರುಗಿ ಬಂದರೆ ಸಿದ್ದರಾಮೇಶ ಗದ್ದ ಕೆರೆದುಕೊಂಡು, “ಹಂಗಾರ ಟರ್ಬೊನ ಹೋಗಿರಬೇಕು, ಬಿಚ್ಚೂಣು” ಎಂದ. ನನಗೆ ತಡೆಯಲಾಗಲಿಲ್ಲ. “ನಾ ಎಂಟನೇತ್ತ ಸಾಲಿ ಬಿಟ್ಟಾಂವ. ಆದ್ರೂ ನಮ್ಮ ಮಾಸ್ತರ ಹೊಡೀಬೇಕಾದ್ರ ತಪ್ಪು ಯಾರ್ದಂತ ಒಮ್ಮೆರ ಕೇಳ್ತಿದ್ರು. ನೀ ಅದನ್ನೂ ಕೇಳವಲ್ಲಿ!” ಎಂದೆ.

ನನ್ನ ಬಾಯಿ ಮುಚ್ಚಿಸುವುದಕ್ಕೆಂದೇ ಅವನು ಮೀಟರ್ ತಂದ. ತಮಗೆ ಬರುವ ವೈರುಗಳು ಮೂರು. ಒಂದು ಐದು ವೋಲ್ಟ್ ತಂದುಕೊಡುತ್ತದೆ, ಒಂದು ಅರ್ಥಿಂಗು, ಮೂರನೆಯದು ತಮ್ಮ ಮಾತನ್ನು ಒಯ್ಯುತ್ತದೆ. ನಿಂತ ಗಾಡಿಯಲ್ಲಿ ಮೂರೂ ಸರಿಯಾಗಿದ್ದವು. ನನಗೆ ತಲೆ ಕೆಟ್ಟು, ಆ ವೈರಿನ ಕಟ್ಟನ್ನು ಹಿಡಿದು ಖಾದರನ ಕೊರಳಪಟ್ಟಿಯೆಂಬಂತೆ ಅಲ್ಲಾಡಿಸಿದೆ. ಮೀಟರು ಸೊನ್ನೆಗೆ ಬಿತ್ತು.

“ಏ ಇಮ್ರಾನ, ಮತ್ತೊಮ್ಮಿ ಸಿಟ್ಟಿಗೇಳೋ!” ಎಂದು ಸಿದ್ದರಾಮೇಶ ಕೂಗಿದ. ಎದ್ದೆ. ಮತ್ತೆ ಸೊನ್ನೆ.

ವೈರಿನ ಜಾಡು ಹಿಡಿದು ಮುಂದಿನ ಜಾಲರಿಯ ಹಿಂದಕ್ಕೆ ಹೋದರೆ, ಅಲ್ಲಿ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ. ಅಮಾವಾಸ್ಯೆಗೊಮ್ಮೆ ಗಾಡಿಗೆ ದೃಷ್ಟಿ ತಾಗದಂತೆ ಇವನ್ನು ಕಟ್ಟುವವರು ನಮ್ಮ ತಾಯಿ. ಈ ಸಲ ಮಗಳು ಕೂರುವ ಗಾಡಿಯೆಂದು, ದಾರವಾದರೆ ಗಾಳಿಗೆ ಹರಿದೀತೆಂದು, ಮನೆ ಕಟ್ಟುವವರು ಸರಳು ಬಿಗಿಯುವ ಕಬ್ಬಿಣದ ತಂತಿ ತಂದು, ಕೈಗೆ ಸಿಕ್ಕ ವೈರಿನ ಕಟ್ಟನ್ನೂ ಸೇರಿಸಿ ಜಾಲರಿಯ ಕಬ್ಬಿಣಕ್ಕೆ ಬಿಗಿದಿದ್ದರು. ಆ ತಂತಿ ತಮ್ಮ ಮೂರನೆಯ ವೈರಿನ ತೊಗಟೆಯನ್ನು ಕೊರೆದಿತ್ತು. ಏರಿನಲ್ಲಿ ಎಂಜಿನ್ ಅಲುಗಿದಾಗಲೆಲ್ಲ ತಾಮ್ರಕ್ಕೆ ತಾಗಿ, ತಮ್ಮ ಮಾತು ಕಂಪ್ಯೂಟರಿಗೆ ಮುಟ್ಟದೆ ಗಾಡಿಯ ಮೈಗೆ ಇಳಿದುಹೋಗುತ್ತಿತ್ತು.

ಮನೆಗೆ ಹೋಗಿ ಕೂಗಾಡಬೇಕೆಂದಿದ್ದೆ. ತಾಯಿ ತಂತಿಯನ್ನು ತಿರುವಿ ನೋಡಿ, “ನಿಂಬಿಹಣ್ಣ ಇತ್ತಂತ ಇಷ್ಟಕ್ಕ ಹೋತು ನೋಡು. ಇಲ್ಲಾಂದ್ರ ಎಂಜಿನ್ನ ಹೋಗ್ತಿತ್ತು” ಎಂದರು. ತಾಯಿಯನ್ನು ಬೈಯುವಂತಿಲ್ಲ, ಸಿದ್ದರಾಮೇಶ ವೈರಿಗೆ ಟೇಪು ಸುತ್ತಿ, ತಮ್ಮನ್ನೇ ಮತ್ತೆ ಕೂರಿಸಿ ಸರಿಮಾಡಿದ್ದರಿಂದ ಅವನನ್ನೂ ಬೈಯುವಂತಿಲ್ಲ, ಹೆಣ್ಣು ಕೊಟ್ಟ ಮನೆಯೆಂದು ಖಾದರನನ್ನಂತೂ ಬೈಯುವಂತೆಯೇ ಇಲ್ಲ. ಉಳಿದವರು ತಾವೊಬ್ಬರೇ. ಆದ್ದರಿಂದಲೇ ಈ ಪತ್ರ.

ತಾವು ನಿರಪರಾಧಿಗಳೆಂದು ಒಪ್ಪುತ್ತೇನೆ, ಆದರೆ ನಿರಪರಾಧಿಗಳು ಇಷ್ಟು ಸುಮ್ಮನಿರಬಾರದು. ಕುತ್ತಿಗೆಗೆ ತಂತಿ ಬಿದ್ದರೂ ಮರ್ಯಾದೆಯಿಂದ ಸೊನ್ನೆ ತೋರಿಸುವ ತಮ್ಮ ಸಹನೆ ದೊಡ್ಡದು, ನಮಗೆ ಅದು ಬೇಡ. ಮುಂದಿನ ಸಲ ದಯಮಾಡಿ ಬಾಯಿಬಿಟ್ಟು, ನಮ್ಮ ರೋಣದ ಮಾತಿನಲ್ಲಿ, “ಯಮ್ಮಾ, ಅಲ್ಲಿ ಕಟ್ಟಬ್ಯಾಡ್ರಿ” ಎಂದು ತಾವೇ ನಮ್ಮ ತಾಯಿಗೆ ಹೇಳಬೇಕು. ನನ್ನಿಂದ ಆಗದು.

ತಮ್ಮ ಮೇಲೆ ಇನ್ನೂ ಅರ್ಧ ಸಿಟ್ಟು ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಇಮ್ರಾನ

ಮರೆತ ಮಾತು: ನಿನ್ನೆ ಹುಸ್ನಾ ತವರಿಗೆ ಬಂದಳು. ಗಾಡಿಯಿಂದ ಇಳಿದವಳೇ, “ಅಮ್ಮಾ, ಭಾಯಿ ದಾರಿ ತುಂಬ ಒಬ್ಬರಿಗೂ ಬೈಲಿಲ್ಲ!” ಎಂದಳು. ಗಾಡಿ ಏರು ಹತ್ತಿತೆಂಬುದನ್ನು ತಾಯಿ ಕೂಡಲೇ ನಂಬಿದರು. ನಾನು ಬೈಯಲಿಲ್ಲವೆಂಬುದನ್ನು ಮಾತ್ರ ಈವರೆಗೂ ನಂಬಿಲ್ಲ.