ಮೊದಲು ಊಟ, ಆಮೇಲೆ ಕ್ಲಬ್ಬಿನ ಸುದ್ದಿ

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬ ಅಪವಾದ ಹದಿನೆಂಟು ವರ್ಷ ಹಳೆಯದು. ನನ್ನ ಮದುವೆಗೂ ಅಷ್ಟೇ ವಯಸ್ಸು ಎಂದರೆ ಅದನ್ನು ಹೊರಿಸಿದವರು ಯಾರೆಂದು ನಾನು ಬೇರೆ ಹೇಳಬೇಕಿಲ್ಲ. ಆದ್ದರಿಂದಲೇ ಕಳೆದ ವರ್ಷದ ಆ ಗುರುವಾರ ಮಧ್ಯಾಹ್ನ, ಉಮರ್ಗಾದ ನಮ್ಮ ಮನೆಯ ಅಂಗಳದಲ್ಲಿ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಒಣಗಿದ ಲುಂಗಿ ಹಿಡಿದುಕೊಂಡು ನಾನು ಘನಘೋರ ಪ್ರತಿಜ್ಞೆ ಮಾಡಿದೆ: ಆಕಾಶ ಕೆಳಗೆ ಬೀಳಲಿ, ಭೂಮಿ ಬಾಯಿ ಬಿಡಲಿ, ಮಾವನವರು ಉಂಡು ಕೈ ತೊಳೆಯುವ ತನಕ ಈ ಸುದ್ದಿ ನನ್ನ ತುಟಿ ದಾಟದು!

ಸುದ್ದಿ ಇಷ್ಟೇ. ಉದಗೀರದ ನಮ್ಮ ಬಾಲಾಘಾಟ ಫುಟ್‌ಬಾಲ್ ಕ್ಲಬ್ ಸತ್ತಿತು. ಮುಚ್ಚಿತು ಎಂದು ಬರೆಯಬೇಕು ನಿಜ, ಆದರೆ ಕೈ ಕೇಳುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸೆಕ್ರೆಟರಿ ಮರಾಠಿಯಲ್ಲಿ ಮೂರು ಸಾಲು ಹಾಕಿದ್ದರು. ಆಡಲು ಹನ್ನೊಂದು ಮಂದಿ ಸಿಗುತ್ತಿಲ್ಲ, ಮೈದಾನ ಮಾಲಕರಿಗೆ ವಾಪಸ್, ಇಂದಿನಿಂದ ಕ್ಲಬ್ ಬಂದ್. ಐವತ್ತೆರಡು ವರ್ಷಕ್ಕೆ ಮೂರು ಸಾಲು! ಕೊನೆಗೆ ಕೈ ಮುಗಿದ ಒಂದು ಚಿತ್ರ.

ಈಗ ನಮ್ಮ ಕಡೆ ಕ್ಲಬ್ಬಿನ ಹಳಬರು ಇಬ್ಬರು ಸೇರಿದರೆ ಕೇಳುವ ಮಾತು ಒಂದೇ: "ಸುದ್ದಿ ಬಂದಾಗ ನೀ ಎಲ್ಲಿದ್ದಿ?" ತುರೋರಿಯ ಬಾಳು ಹೆದ್ದಾರಿ ಪಕ್ಕ ಲಾರಿಯ ಗಾಲಿ ಬಿಚ್ಚಿಸುತ್ತಿದ್ದನಂತೆ. ಗಾಲಿಯ ಮೇಲೇ ಕುಸಿದು ಕುಳಿತ, ಲಾರಿ ಸಂಜೆಯವರೆಗೆ ಅಲ್ಲೇ. ವಲಾಂಡಿಯ ಶಾಂತವೀರಪ್ಪ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಓದಿ ಕತ್ತರಿ ಕೆಳಗಿಟ್ಟವನು ನಾಲ್ಕು ದಿನ ಮತ್ತೆ ಎತ್ತಲಿಲ್ಲ. ಪಾಪ ಆ ಕುರಿ, ಎಡಗಡೆ ಬೋಳು ಬಲಗಡೆ ಉಣ್ಣೆಯಾಗಿ ಊರೆಲ್ಲ ತಿರುಗಿತು. ನನ್ನ ಸರದಿ ಬಂದಾಗ ಮಾತ್ರ ನಾನು ಚಹಾ ತರಿಸುತ್ತೇನೆ. ಇವತ್ತು ಹೇಳಿಬಿಡುತ್ತೇನೆ.

ನನ್ನ ಮಾವ ಮಾಣಿಕಪ್ಪ ಆ ಕ್ಲಬ್ಬಿನ ಗೋಲ್‌ಕೀಪರಾಗಿ ಇಪ್ಪತ್ತಾರು ವರ್ಷ ನಿಂತವರು. ನಾನು ಎರಡು ವರ್ಷ ಫುಲ್‌ಬ್ಯಾಕ್. ನಾನು ಬಿಟ್ಟ ಚೆಂಡುಗಳನ್ನು ಹಿಡಿದೇ ಅವರು ಹೆಸರು ಮಾಡಿದರು, ಆ ಉಪಕಾರಕ್ಕೆ ಮಗಳನ್ನು ಕೊಟ್ಟರು ಎಂದು ನಾನು ಹೇಳುತ್ತಿರುತ್ತೇನೆ. ಮೈದಾನದಲ್ಲಿ ನನ್ನನ್ನು "ಲೇ ನಾಗ್ಯಾ" ಎಂದು ಬೈಯುತ್ತಿದ್ದವರು ಮದುವೆಯ ಮರುದಿನದಿಂದ "ಅಳಿಯಂದ್ರೇ, ಬರ್ರಿ" ಎನ್ನತೊಡಗಿದರು. ಆಟ ಬಿಟ್ಟ ಮೇಲೂ ಅವರು ಮೈದಾನ ಬಿಡಲಿಲ್ಲ. ಅತ್ತೆ ತೀರಿಕೊಂಡ ನಂತರ ಕ್ಲಬ್ಬಿನ ಕೋಣೆಯಲ್ಲೇ ವಾಸ. ಪಂದ್ಯ ಇರಲಿ ಬಿಡಲಿ, ಭಾನುವಾರ ಸುಣ್ಣದ ಗೆರೆ ಎಳೆಯುವುದು, ಗೋಲಿನ ಕಂಬಕ್ಕೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚುವುದು ತಪ್ಪಲಿಲ್ಲ. ಅದರ ಹಿಂದಿನ ವರ್ಷ ಲಾತೂರಿನಲ್ಲಿ ಎದೆಗೆ ಎರಡು ಸ್ಟೆಂಟ್ ಹಾಕಿದ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು, "ಇವರಿಗೆ ಏಕಾಏಕಿ ಕೆಟ್ಟ ಸುದ್ದಿ ಹೇಳಬೇಡಿ."

ಅವರು ಅದೇ ದಿನ ನಮ್ಮ ಮನೆಗೆ ಹೊರಟಿದ್ದರು! "ನಿಲಂಗಾ ದಾಟೀನ್ರಿ" ಎಂದು ಫೋನ್ ಬಂದ ಅರ್ಧ ಗಂಟೆಗೆ ಗುಂಪಿನಲ್ಲಿ ಆ ಮೂರು ಸಾಲು. ಅವರದು ಗುಂಡಿ ಒತ್ತುವ ಫೋನು, ವಾಟ್ಸ್ಆ್ಯಪ್ ಇಲ್ಲ. ಅಂದರೆ ಅವರಿಗೆ ಗೊತ್ತಿಲ್ಲ. ಈ ಮನೆಯಲ್ಲಿ ಗೊತ್ತಿರುವವನು ನಾನೊಬ್ಬನೇ. ಆ ಜೀವ ಈಗ ನನ್ನ ನಾಲಿಗೆಯ ಮೇಲಿದೆ ಎನಿಸಿ ಆ ಲುಂಗಿಯಿಂದಲೇ ಬಾಯಿ ಮುಚ್ಚಿಕೊಂಡೆ.

ಕೆಟ್ಟ ಸುದ್ದಿ ಮುಟ್ಟಿಸಲು ನಮ್ಮಲ್ಲಿ ಒಂದು ರೀತಿ ಇದೆ. ಬಾಗಿಲಲ್ಲೇ ಬಾಯಿ ಬಿಡಬಾರದು. ಮೊದಲು ಊಟಕ್ಕೆ ಕೂರಿಸಬೇಕು, ಕೈ ತೊಳೆದ ಮೇಲೆ ಹೇಳಬೇಕು. ಯಾಕೆಂದರೆ ಸುದ್ದಿ ಕೇಳಿದ ಮೇಲೆ ಮನುಷ್ಯ ಎಷ್ಟು ದಿನ ಉಪವಾಸ ಬೀಳುತ್ತಾನೋ ಯಾರಿಗೆ ಗೊತ್ತು. ಇದರಲ್ಲಿ ಒಂದೇ ತೊಂದರೆ. ಈ ರೀತಿ ಎಲ್ಲರಿಗೂ ಗೊತ್ತಿರುವುದರಿಂದ, "ಮೊದಲು ಉಣ್ರಿ" ಎಂದು ಯಾರಾದರೂ ಒತ್ತಾಯ ಮಾಡಿದರೆ ಸಾಕು, ಉಣ್ಣುವವನ ಎದೆ ಅಲ್ಲೇ ಧಸಕ್ ಎನ್ನುತ್ತದೆ!

ಮಾವ ಆಟೋದಿಂದ ಇಳಿದರು. ಜೊತೆಗೆ ಹಳದಿ ಹಗ್ಗ ಬಿಗಿದ ದೊಡ್ಡ ಗೋಣಿಚೀಲ. ನಾನೇ ಹೆಗಲಿಗೆ ಏರಿಸಿಕೊಂಡೆ.

"ಏನದರೀ ಮಾವಾ ಇದರಾಗ? ಕಡಲಿ ಏನು?"

"ಏನಿಲ್ರಿ. ಹಳೇ ಸಾಮಾನ."

ಕಡಲೆಯೇ ಎಂದು ತೀರ್ಮಾನಿಸಿ ಬಾಗಿಲ ಹಿಂದೆ ಇಟ್ಟೆ. ನನ್ನ ಹೆಂಡತಿ ಸುವರ್ಣಾ ಚೀಲ ನೋಡಿದಳು, ಅಪ್ಪನ ಮುಖ ನೋಡಿದಳು, ಒಳಗೆ ಹೋಗಿ ಇನ್ನಷ್ಟು ಜೋಳದ ಹಿಟ್ಟು ನಾದತೊಡಗಿದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಗುಟ್ಟೆಂದರೆ ಗುಟ್ಟು!

"ಮಾವಾ, ಮೊದಲು ಊಟಾ ಮಾಡ್ರಿ" ಎಂದೆ.

"ಅಳಿಯಂದ್ರೇ, ಮೊದಲು ನೀವು ಉಣ್ರಿ" ಎಂದರು ಅವರು, ಅದೇ ಉಸಿರಿನಲ್ಲಿ.

ಇಬ್ಬರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದೆವು.

"ಇಲ್ರಿ, ನೀವು ದೂರದಿಂದ ಬಂದೀರಿ."

"ನಾ ಬಂದದ್ದು ಇರಲಿ. ನೀವು ಹೊಟ್ಟಿ ತುಂಬ ಉಣ್ರಿ. ಆಮ್ಯಾಲ ಮಾತಾಡೂನು."

ಆಮೇಲೆ ಮಾತಾಡೋಣ! ನನ್ನ ಎದೆ ಧಸಕ್ ಎಂದಿತು. ಇವರೂ ಏನೋ ಹೊತ್ತು ತಂದಿದ್ದಾರೆ. ಯಾರು ಹೋದರು? ಬಸ್ಸು ನಿಲಂಗಾದ ಮೇಲೆ ಬಂದಿದೆ. ನಿಲಂಗಾದಲ್ಲಿ ನನ್ನ ತಮ್ಮ ಧೀರಜ ಇದ್ದಾನೆ. ಧೀರಜನ ಹತ್ತಿರ ಬೈಕಿದೆ. ಅವನು ಬೈಕ್ ಓಡಿಸುವ ರೀತಿ ನನಗೆ ಗೊತ್ತಿದೆ!

ಎದುರುಬದುರು ಕುಳಿತೆವು. ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ. ನಾನು ಅವರ ತಾಟಿಗೆ ಒಂದು ರೊಟ್ಟಿ ಹಾಕಿದರೆ ಅವರು ನನ್ನ ತಾಟಿಗೆ ಒಂದು ಹಾಕಿದರು. ಅವರು ಮುಗಿಸದೆ ನಾನು ಏಳುವಂತಿಲ್ಲ, ನಾನು ಮುಗಿಸದೆ ಅವರು ಏಳುವುದಿಲ್ಲ. ಸುವರ್ಣಾ ತುಟಿ ಪಿಟಕ್ಕೆನ್ನದೆ ಬಡಿಸುತ್ತಲೇ ಇದ್ದಳು. ನಾಲ್ಕನೇ ರೊಟ್ಟಿಗೆ ನಾನು ಎಡಗೈಯಲ್ಲಿ ಫೋನ್ ಹಿಡಿದು ಪಡಸಾಲೆಯ ಮೂಲೆಗೆ ಓಡಿ ಧೀರಜನಿಗೆ ಹಚ್ಚಿದೆ. ಎತ್ತಲಿಲ್ಲ. ಮೂರು ಸಲ ಹಚ್ಚಿದೆ, ಮೂರು ಸಲವೂ ಎತ್ತಲಿಲ್ಲ. ವಾಪಸ್ ಬಂದು ನೋಡಿದರೆ ಮಾವ ತಾಟಿನ ಮುಂದೆ ಇಲ್ಲ!

ಹಿತ್ತಲಲ್ಲಿ ಬ್ಯಾಳಿ ಮೆತ್ತಿದ ಬಲಗೈ ಮೇಲೆತ್ತಿಕೊಂಡು ಎಡಗೈಯಲ್ಲಿ ಫೋನ್ ಹಿಡಿದು ಗುಂಜೋಟಿಯಲ್ಲಿರುವ ತಮ್ಮ ಅಕ್ಕ ಶೇವಂತಾಬಾಯಿಯ ಜೊತೆ ಮಾತಾಡುತ್ತಿದ್ದರು. ಆಕೆಯ ಕಿವಿ ಮಂದ, ಆದ್ದರಿಂದ ಓಣಿಗೆಲ್ಲ ಕೇಳುವ ಹಾಗೆ. "ಅಕ್ಕಾ, ನಾ ಉಮರ್ಗಾದಾಗ ಸುವರ್ಣಾನ ಮನ್ಯಾಗ ಇದೀನಿ. ನೀ ಉಂಡಿ? ಇಲ್ಲ? ಮೊದಲು ಉಣ್ಣು. ಉಂಡ ಮ್ಯಾಲ ಹೇಳ್ತೀನಿ. ಏನಾಗ್ಯದ ಅಂತ ಈಗ ಕೇಳಬ್ಯಾಡ!"

ಇನ್ನೇನು ಉಳಿಯಿತು? ಧೀರಜ ಹೋದ ಎಂದು ಖಾತ್ರಿ ಮಾಡಿಕೊಂಡು ನಾನು ತಾಟಿನ ಮುಂದೆ ಕುಳಿತು ಅಳತೊಡಗಿದೆ. ಅಳುತ್ತಲೇ ಉಂಡೆ. ಮಾವ ಬಂದು ನನ್ನ ಕಣ್ಣೀರು ನೋಡಿ, ಇಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ತಾವೂ ಖಾತ್ರಿ ಮಾಡಿಕೊಂಡು ಅಳತೊಡಗಿದರು. ಕೈ ತೊಳೆದರೆ ಸುದ್ದಿ ಹೇಳಬೇಕಾಗುತ್ತದಲ್ಲ! ಇಬ್ಬರೂ ಕೈ ತೊಳೆಯಲಿಲ್ಲ. ಐದನೆಯದು, ಆರನೆಯದು, ಏಳನೆಯದು. ಅಷ್ಟು ದುಃಖದಲ್ಲಿ ಅಷ್ಟು ರೊಟ್ಟಿ ನಾನು ಜನ್ಮದಲ್ಲಿ ಉಂಡಿಲ್ಲ.

ಅಷ್ಟರಲ್ಲಿ ಮನೆ ಮುಂದೆ ಟಮ್‌ಟಮ್ ಆಟೋ ನಿಂತ ಸದ್ದು, ಹಿಂದೆಯೇ ಎದೆ ಬಡಿದುಕೊಳ್ಳುವ ಅಳು. "ಅಯ್ಯಯ್ಯೋ ಸುವರ್ಣಾ! ಈ ವಯಸ್ಸಿನಾಗ ನಿನ್ನ ಕುಂಕುಮ ಹೋಯ್ತಲ್ಲೇ ಯವ್ವಾ!" ನಾನು ಓಡಿಹೋಗಿ ಬಾಗಿಲು ತೆಗೆದೆ. ಶೇವಂತಾಬಾಯಿ ಬಾಯಿ ತೆರೆದವರು ತೆರೆದಂತೆಯೇ ನಿಂತರು. ಫೋನಿನಲ್ಲಿ ತಮ್ಮ ಮಾಣಿಕಪ್ಪನೇ ಮಾತಾಡಿದ್ದಾನೆ ಎಂದರೆ ಅವನು ಬದುಕಿದ್ದಾನೆ, ಸುವರ್ಣಾಳ ಮನೆ ಎಂದರೆ ಸತ್ತವನು ಅಳಿಯ ಎಂದು ಅವರು ದಾರಿಯುದ್ದ ಲೆಕ್ಕ ಹಾಕಿಕೊಂಡು ಬಂದಿದ್ದರು. ಟಮ್‌ಟಮ್ಮಿನವನು ತಲೆ ಹೊರಗೆ ಹಾಕಿ ಗಂಭೀರವಾಗಿ ನನ್ನನ್ನೇ ಕೇಳಿದ, "ಮಯತ ಕಿತಿ ವಾಜತಾ?" ನನ್ನ ಹೆಣ ಎಷ್ಟು ಗಂಟೆಗೆ ಎತ್ತುತ್ತಾರೆ ಎಂದು ನನ್ನನ್ನೇ!

"ಜೀವಂತ ಇದೀಯೇನೋ ಭಾಡ್ಯಾ!" ಎಂದು ಶೇವಂತಾಬಾಯಿ ನನ್ನ ಭುಜಕ್ಕೆ ಎರಡು ಬಾರಿಸಿದರು. "ಮತ್ತ ಯಾರು ಹೋಗ್ಯಾರ? ಹೇಳ್ರಿ!"

"ಮೊದಲು ಊಟಾ ಮಾಡ್ರಿ" ಎಂದೆ ನಾನು.

"ಮೊದಲು ಉಣ್ಣು ಅಕ್ಕಾ" ಎಂದರು ಮಾವ.

ಸುವರ್ಣಾ ತಂಬಿಗೆ ತಂದು ನೆಲಕ್ಕೆ ಕುಕ್ಕಿದಳು. "ಸಾಕು. ಇಬ್ಬರೂ ಕೈ ತೊಳೀರಿ!"

ತೊಳೆದೆವು. ಒಟ್ಟಿಗೇ ಬಾಯಿ ಬಿಟ್ಟೆವು.

"ಕ್ಲಬ್ ಮುಚ್ಚ್ಯಾರ್ರಿ."

"ಕ್ಲಬ್ ಮುಚ್ಚ್ಯಾರ್ರಿ."

"ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ಮೊನ್ನಿನೇ ಸಹಿ ಮಾಡೀನಿ. ಹಿರೇರ ಸಹಿ ಬೇಕಂದ್ರು." ಮಾವ ತಂಬಿಗೆ ನೋಡುತ್ತ ಹೇಳಿದರು. "ಇವತ್ತು ಗ್ರೂಪಿನಾಗ ಹಾಕ್ತೀನಿ ಅಂತ ಸೆಕ್ರೆಟರಿ ಅಂದಾ. ನೀ ಒಬ್ಬನೇ ಓದಿ ಎಲ್ಲೆರ ಕುಸೀತಿ ಅಂತ, ಮೊದಲು ಉಣಿಸಿ ಹೇಳೂನಂತ ಬಂದೆ, ನಾಗ್ಯಾ."

ಹದಿನೆಂಟು ವರ್ಷದ ನಂತರ ನಾಗ್ಯಾ! ನನಗೆ ತಡೆಯಲಾಗಲಿಲ್ಲ. ಆ ಹೊತ್ತಿಗೇ ಧೀರಜನ ಫೋನ್ ಬಂತು, "ಯಾಕಣ್ಣಾ, ಹೇರ್ ಕಟಿಂಗಿಗೆ ಕುಂತಿದ್ದೆ" ಎಂದ. ಬದುಕಿರುವುದಕ್ಕೆ ಅವನಿಗೆ ಚೆನ್ನಾಗಿ ಬೈದೆ.

"ಒಂದು ಚೆಂಡಿನ ಆಟದ ಸಲುವಾಗಿ ನನ್ನ ಗುಂಜೋಟಿಯಿಂದ ಅಳಿಸ್ಕೋತ ತಂದ್ರಿ!" ಎಂದು ಶೇವಂತಾಬಾಯಿ ಶುರು ಮಾಡಿದರು. ಮಾವ ಎದ್ದು ಹೋಗಿ ಗೋಣಿಚೀಲದ ಹಗ್ಗ ಬಿಚ್ಚಿದರು. ಒಳಗೆ ಗೋಲಿನ ಬಲೆ. ಬಲೆಯ ನಡುವೆ ಮಡಿಸಿಟ್ಟ ಒಂದು ಹಳದಿ ಅಂಗಿ, ಬೆನ್ನ ಮೇಲೆ ಒಂದನೇ ನಂಬರು. ಐವತ್ತೆರಡು ವರ್ಷದ ಹಿಂದೆ ತಮ್ಮನಿಗಾಗಿ ಶೇವಂತಾಬಾಯಿಯೇ ಕೈಯಿಂದ ಹೊಲಿದದ್ದು. ಅವರು ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಅಳಾಕ ಬಂದೀನಿ, ಅತ್ತು ಮುಗಿಸೇ ಹೋಗ್ತೀನಿ" ಎಂದು ಮತ್ತೆ ಅಳಲು ಕುಳಿತರು. ಈ ಸಲ ಅಳಬೇಡಿ ಎಂದು ಯಾರೂ ಹೇಳಲಿಲ್ಲ. ಟಮ್‌ಟಮ್ಮಿನವನೂ ಟೋಪಿ ತೆಗೆದು ಹೊಸ್ತಿಲ ಮೇಲೆ ಕುಳಿತ.

ಎಲ್ಲ ಮುಗಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಸುವರ್ಣಾಳ ಮುಂದೆ ಎದೆ ಸೆಟೆಸಿದೆ. "ಏನೇ ಅನ್ನು, ಗುಟ್ಟು ಕಾಯ್ದೆನೋ ಇಲ್ಲೋ?"

"ನನಗ ಮೊದಲೇ ತಿಳಿದಿತ್ರಿ. ಚೀಲದ ಬಾಯಾಗಿಂದ ಜಾಳಿ ಇಣುಕ್ತಿತ್ತು. ಅಪ್ಪಾ ಗೋಲಿನ ಜಾಳಿ ಬಿಚ್ಚಿ ತಂದಾನ ಅಂದ್ರ ಮತ್ತೇನು ಹೇಳಬೇಕು?"

"ಮತ್ತ ಬಾಯಿ ಬಿಡಲಿಲ್ಲ ಯಾಕ?"

ಅವಳು ಖಾಲಿ ರೊಟ್ಟಿಬುಟ್ಟಿ ಬೋರಲು ಹಾಕಿದಳು. "ಸಹಿ ಮಾಡಿದಾಗಿಂದ ಅಂವಾ ಒಂದು ತುತ್ತು ಉಂಡಿದ್ದಿಲ್ಲ. ಮಾರಿ ನೋಡಿದ ಕೂಡಲೇ ನನಗ ಗೊತ್ತಾತು. ನಾ ಉಣ್ಣು ಅಂದಿದ್ರ ಉಣ್ತಿದ್ನೇನು? ನಿಮಗ ಉಣಿಸಬೇಕಂತ ಏಳು ರೊಟ್ಟಿ ಉಂಡಾ. ನಾ ಯಾಕ ನಡುವ ಬಾಯಿ ಹಾಕಲಿ?"

ಮಾವ ಈಗ ನಮ್ಮ ಮನೆಯಲ್ಲೇ ಇದ್ದಾರೆ. ನನ್ನನ್ನು ನಾಗ್ಯಾ ಎಂದೇ ಕರೆಯುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಅವರ ಕಡೆ ನೋಡಲು ಆಗುವುದಿಲ್ಲ, ಕೈಗೆ ಕೆಲಸವಿಲ್ಲದೆ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿರುತ್ತಾರೆ.

ಮೊನ್ನೆ ಬಾಳು ಗುಂಪಿನಲ್ಲಿ ಮತ್ತೆ ಅದೇ ಪ್ರಶ್ನೆ ಹಾಕಿದ: "ನಾಗನಾಥಾ, ನೀ ಒಬ್ಬನೇ ಹೇಳಿಲ್ಲ. ಸುದ್ದಿ ಬಂದಾಗ ಎಲ್ಲಿದ್ದಿ?" ಪ್ರತಿಜ್ಞೆ, ಅಂಗಳ, ಬಾಯಿಗೆ ಲುಂಗಿ ಎಂದು ನಾನು ಉದ್ದಕ್ಕೆ ಬರೆಯುತ್ತಿದ್ದೆ. ಸುವರ್ಣಾ ಫೋನ್ ಕಸಿದುಕೊಂಡು ಎಲ್ಲ ಅಳಿಸಿ, ತಾನೇ ಉತ್ತರ ಕಳಿಸಿದಳು:

"ಸುದ್ದಿ ಇವರ ಹೆಗಲ ಮ್ಯಾಲೇ ಇತ್ರಿ. ಇವರು ಕಡಲಿ ಅಂತ ತಿಳ್ಕೊಂಡಿದ್ರು."