ವನಜಾಕ್ಷಿ ಬೆಳೆಸಿದ ರಕ್ತನಾಳ

ಹೊಟ್ಟೆಕಿಚ್ಚಿಗೆ ದೂರದವರು ಆಗಿಬರುವುದಿಲ್ಲ. ಪರದೇಶದ ವಿಜ್ಞಾನಿಗೆ ಬಹುಮಾನ ಬಂತೆಂದು ಪತ್ರಿಕೆಯಲ್ಲಿ ಓದಿ ನಾನು ಒಂದು ಹೊತ್ತಿನ ಊಟವನ್ನೂ ಬಿಟ್ಟವನಲ್ಲ. ಆದರೆ ಎಂ.ಎಸ್ಸಿ.ಯಲ್ಲಿ ನನ್ನ ಜೊತೆ ಒಂದೇ ಜಿರಳೆ ಕೊಯ್ದ ತಾಯಲೂರಿನ ವನಜಾಕ್ಷಿ ಬೆಂಗಳೂರಿನ ಪ್ರಯೋಗಾಲಯದಲ್ಲಿ ಮನುಷ್ಯರ ರಕ್ತನಾಳ ಬೆಳೆಸುತ್ತಿದ್ದಾಳೆಂದು ಕೇಳಿದ ದಿನ ಮುದ್ದೆ ಗಂಟಲಲ್ಲೇ ನಿಂತಿತು. ಆ ಜಿರಳೆಯ ನರವನ್ನು ಕಡಿಯದಂತೆ ಬಿಡಿಸಿದವನು ನಾನು! ಕರೆಂಟ್ ಹೋದಾಗ ಮೇಣದಬತ್ತಿ ಹಿಡಿದದ್ದಷ್ಟೇ ಅವಳ ಪಾಲು. ಹದಿನೈದು ವರ್ಷದ ಮೇಲೂ ನಾನು ಮಾಲೂರಿನ ಕಾಲೇಜೊಂದರಲ್ಲಿ ಮೇಷ್ಟ್ರಾಗಿ ಜಿರಳೆಯನ್ನೇ ಕೊಯ್ಯುತ್ತಿದ್ದೆ.

ಸಾಲದ್ದಕ್ಕೆ ನಮ್ಮ ಪ್ರಿನ್ಸಿಪಾಲರು ಅವಳನ್ನೇ ಉಪನ್ಯಾಸಕ್ಕೆ ಕರೆಸಿದರು. ಅವಳು ಪರದೆಯ ಮೇಲೆ ಹೆಬ್ಬೆರಳ ಉಗುರಿನಷ್ಟಗಲದ ಪಾರದರ್ಶಕ ಬಿಲ್ಲೆಯೊಂದರ ಚಿತ್ರ ತೋರಿಸಿದಳು. ಅದರೊಳಗೆ ಕೂದಲೆಳೆಯಂಥ ಕಾಲುವೆಗಳು, ನಡುವೆ ಜೆಲ್ಲಿಯಲ್ಲಿ ಜೀವಕೋಶಗಳು. "ಲ್ಯಾಬಲ್ಲಿ ಅಂಗಾಂಶ ಬೆಳೆಸ್ಬೋದು ಮಕ್ಳೇ. ಆದ್ರೆ ಸ್ವಲ್ಪ ದಪ್ಪ ಆದ್ರೆ ಸಾಕು, ಒಳಗಿನ ಕೋಶಗಳು ಆಮ್ಲಜನಕ ಸಿಗದೆ ಸಾಯ್ತವೆ. ಅದಕ್ಕೇ ರಕ್ತನಾಳ ಬೇಕು," ಎಂದಳು. ನನ್ನ ಪಾಠದಲ್ಲಿ ಎರಡನೇ ನಿಮಿಷಕ್ಕೇ ತೂಕಡಿಸುವ ಹುಡುಗರು ಕಣ್ಣು ಮಿಟುಕಿಸಲಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಚಿತ್ರ ಚೆನ್ನಾಗಿದೆ ಮೇಡಂ. ಆ ನಾಳದಲ್ಲಿ ಈ ಕಡೆಯಿಂದ ಆ ಕಡೆಗೆ ಏನಾದ್ರೂ ಹರಿಯುತ್ತಾ?" ಎಂದೆ.

ಅವಳು ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. "ಇಲ್ಲ. ಎರಡು ವರ್ಷದಿಂದ ಸೋರ್ತಾನೇ ಇದೆ."

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹುಡುಗಿಯೊಬ್ಬಳು, "ಮತ್ತೆ ಏನ್ ಮಾಡ್ತೀರಾ ಮೇಡಂ?" ಎಂದಳು. "ನಾಳೆ ಮತ್ತೆ ಬೆಳೆಸ್ತೀನಿ." ಇಡೀ ಸಭಾಂಗಣ ಚಪ್ಪಾಳೆ ಹೊಡೆಯಿತು. ಸೋರುವ ನಾಳಕ್ಕೂ ಚಪ್ಪಾಳೆ! ಮಧ್ಯಾಹ್ನ ಊಟಕ್ಕೆ ಮನೆಗೆ ಕರೆದೊಯ್ದರೆ ನನ್ನ ಹೆಂಡತಿ ಅವಳ ಎಲೆಗೆ ಎರಡು ಸಲ ತುಪ್ಪ ಬಡಿಸಿ, "ಎಷ್ಟು ಓದಿದ್ರೂ ಒಂದಿಷ್ಟೂ ಜಂಬ ಇಲ್ಲ ನೋಡ್ರಿ," ಎಂದು ನನ್ನತ್ತ ತಿರುಗಿದಳು.

ಮರುವರ್ಷ ಫೋನು. "ಲೇ ನಾಗರಾಜ, ಹರೀತಾ ಇದೆ ಕಣೋ! ಬಂದು ನೋಡು."

ಹತ್ತು ನೆಪ ಹೇಳಿದೆ. ಹನ್ನೊಂದನೆಯದು ಹೊಳೆಯದೆ ರೈಲು ಹತ್ತಿದೆ. "ಮೊದಲು ನಿಂತ ದ್ರವದಲ್ಲಿ ಬೆಳೆಸ್ತಿದ್ವಿ. ಈಗ ಮೊದಲ ದಿನದಿಂದಲೇ ಮೆಲ್ಲಗೆ ಹರಿಸಿದ್ವಿ, ನಾಳ ಗಟ್ಟಿಯಾದ್ವು," ಎನ್ನುತ್ತ ಅವಳು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಬೇರಿನಂತೆ ಕವಲೊಡೆದ ನಾಳಗಳು. ಅವುಗಳೊಳಗೆ ಹೊಳೆಯುವ ಕಣಗಳು ಒಂದರ ಹಿಂದೊಂದು ಬಂದು, ಕವಲಿನಲ್ಲಿ ತುಸು ತಡವರಿಸಿ, ಆಚೆ ಬದಿಗೆ ಹೋದವು. ಒಂದೂ ಸೋರಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ.

"ಏನೋ, ಅಳ್ತಿದ್ದೀಯಾ?"

"ಲೈಟು ಜಾಸ್ತಿ ಆಯ್ತು ಕಣೇ."

ಮರುದಿನ ಹೊಸ ಬ್ಯಾಚಿನ ಹುಡುಗರಿಗೆ ಪಾಠ ಬಿಟ್ಟು ಇದನ್ನೇ ಹೇಳಿದೆ. ಯಾರೂ ತೂಕಡಿಸಲಿಲ್ಲ. ಒಬ್ಬ ಎದ್ದು, "ಆ ಮೇಡಂ ನಿಮಗೆ ಗೊತ್ತಾ ಸಾರ್?" ಎಂದ.

"ಗೊತ್ತಾ ಅಂದ್ರೆ? ನನ್ನ ಶಿಷ್ಯೆ ಕಣಯ್ಯಾ!"

ತಿದ್ದಿಕೊಳ್ಳಬೇಕೆಂದು ಬಾಯಿ ತೆರೆದೆ. ಆದರೆ ತರಗತಿಯೆಲ್ಲ ಅಷ್ಟು ಗೌರವದಿಂದ ನನ್ನನ್ನು ನೋಡುತ್ತಿತ್ತು. ಹಾಜರಿ ಪುಸ್ತಕ ತೆರೆದು ಹೆಸರು ಕೂಗಲು ಶುರುಮಾಡಿದೆ.